ಕೋಡಿಬೆಂಗ್ರೆ ಅಳಿವೆ ನೋಡಲಿಕ್ಕೆ ಯಾವ ತಿಥಿ, ಎಷ್ಟು ಗಂಟೆ?

ಹೊಳೆಬದಿ_ಉಡುಪಿ:
ಡಿಸೆಂಬರಿನಲ್ಲಿ ಪಿಯುಸಿ ವಿಜ್ಞಾನದ 25 ಮಕ್ಕಳನ್ನು ಸೀತಾ–ಸ್ವರ್ಣಾ ಹೊಳೆಗಳು ಕಡಲು ಸೇರುವ ಅಳಿವೆಗೆ ಕರೆದುಕೊಂಡು ಹೋಗುವ ಯೋಜನೆ ಉಂಟು. ಕೆಮ್ಮಣ್ಣಿನಿಂದ ಕೋಡಿಬೆಂಗ್ರೆ ತುದಿ, ಅಲ್ಲಿಂದ ಬಾರ್ಜಿನಲ್ಲಿ ಹಂಗಾರಕಟ್ಟೆ. ಕೆಸರು ಬಯಲಾಗುವಷ್ಟು ಇಳಿತ ಹಗಲಿನಲ್ಲಿ ಸಿಗಬೇಕಾದರೆ ಯಾವ ದಿನ ಇಟ್ಟುಕೊಳ್ಳಬೇಕು? ಕಾಂಡ್ಲಾ (ಮ್ಯಾಂಗ್ರೋವ್) ಜಾತಿಗಳನ್ನು ಮಕ್ಕಳು ಗುರುತಿಸುವುದು ಹೇಗೆ? ಕೊನೆಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾಂಡ್ಲಾ ಗಿಡ ನೆಡಿಸುವ ಆಲೋಚನೆಯೂ ಉಂಟು. ಇಳಿತದಲ್ಲಿ ಕಾಣುವ ಆ ಖಾಲಿ ಕೆಸರು ಜಾಗದಲ್ಲಿ ನೆಟ್ಟರೆ ಆದೀತಾ?

ಬೀಸುಬಲೆ:
ಗಂಟೆ ನೋಡುವ ಮೊದಲು ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ನಿಜ. ಆದರೆ ನಮ್ಮ ಕಡೆ ಆ ದಿನಗಳ ಇಳಿತ ಬೀಳುವುದು ನಸುಕಿಗೆ ಮತ್ತು ಸಂಜೆಗೆ, ನಡುಹಗಲು ಭರತ, ಅಂದರೆ ನೀರು ಏರಿರುವ ಹೊತ್ತು. ಬಸ್ಸು ಹತ್ತು ಗಂಟೆಗೆ ತಲುಪಿದರೆ ಮಕ್ಕಳಿಗೆ ಕಾಣುವುದು ತುಂಬಿದ ಹೊಳೆ ಮಾತ್ರ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ ಅಷ್ಟಮಿ ಹೊತ್ತಿಗೆ ಮಧ್ಯಾಹ್ನಕ್ಕೆ ಬರುತ್ತದೆ. ಹೊತ್ತು ಚೆನ್ನಾಗಿದೆ ಎಂದು ಅಷ್ಟಮಿಗೆ ಹೋದರೆ ಇನ್ನೊಂದು ಪೇಚು, ಆವತ್ತು ನೀರು ಇಳಿಯುವುದೇ ಕಡಿಮೆ. ಹಾಗಾಗಿ ತದಿಗೆ ಅಥವಾ ಚೌತಿ ಹಿಡಿಯಿರಿ. ಬೆಳಿಗ್ಗೆ ಏಳೂವರೆ–ಎಂಟೂವರೆಯ ಆಸುಪಾಸು ಇಳಿತ ಸಿಗುತ್ತದೆ, ಇಳಿತದ ಜೋರೂ ಪೂರ್ತಿ ಹೋಗಿರುವುದಿಲ್ಲ.

ಇದು ಅಂದಾಜು. ನಿಖರ ಹೊತ್ತಿಗೆ ಮಂಗಳೂರು ಬಂದರಿನ ಉಬ್ಬರವಿಳಿತ ಪಟ್ಟಿ ನೋಡಿ, ಬರೀ ಗಂಟೆಯಲ್ಲ, ಮೀಟರ್ ಅಂಕಿಯನ್ನೂ. ದಿನಕ್ಕೆ ಎರಡು ಇಳಿತ ಇದ್ದರೂ ಎರಡೂ ಒಂದೇ ಆಳಕ್ಕೆ ಇಳಿಯುವುದಿಲ್ಲ. ಇಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ನಡುವಿನ ಅಂತರವೇ ಒಂದೂವರೆ ಮೀಟರಿನೊಳಗೆ, ಆದ್ದರಿಂದ 30 ಸೆಂ.ಮೀ. ವ್ಯತ್ಯಾಸವಾದರೂ ಎಕರೆಗಟ್ಟಲೆ ಕೆಸರು ಮುಳುಗಿಯೇ ಇರುತ್ತದೆ. ಹೊಳೆಯ ಮೇಲ್ಭಾಗಕ್ಕೆ ಹೋದಷ್ಟೂ ಹೊತ್ತು ತಡ.

ಪಟ್ಟಿಯ ಇಳಿತದ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲೇ ಕೆಸರಿಗೆ ಇಳಿಯಿರಿ, ಇಳಿತದ ಹೊತ್ತು ಕಳೆದು ಅರ್ಧ ಗಂಟೆಯೊಳಗೆ ದಡ ಸೇರಿ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗೊಂದರಂತೆ 1, 2, 3, 3, 2, 1 ಪಾಲು ನೀರು ಬರುತ್ತದೆ. ಮೊದಲ ಗಂಟೆ ಏನೂ ಆಗಲಿಲ್ಲ ಎಂದು ನಿಂತವರು ಮೂರನೇ ಗಂಟೆಗೆ ಸಿಕ್ಕಿಬೀಳುತ್ತಾರೆ. ಅಳಿವೆ ಬಾಗಿಲಲ್ಲಿ ಮೊಣಕಾಲಿಗಿಂತ ಮೇಲಿನ ನೀರಿಗೆ ಯಾರೂ ಇಳಿಯಬಾರದು. ಇಳಿತದ ಸೆಳೆತ ನೇರ ಕಡಲಿಗೆ. ಚಪ್ಪಲಿ ಕೆಸರಲ್ಲೇ ಉಳಿಯುತ್ತದೆ, ಬರಿಗಾಲಾದರೆ ಮುರು (ಆಯ್ಸ್ಟರ್) ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಲೇಸು ಕಟ್ಟುವ ಹಳೇ ಕ್ಯಾನ್ವಾಸ್ ಶೂ ಸಾಕು.

ಕಾಂಡ್ಲಾಕಾಡು:
ಎಲೆ ಬಿಡಿ, ಮೊದಲು ಬೇರು ನೋಡಲಿ. ಕಾಂಡದಿಂದ ಬಿಲ್ಲಿನಂತೆ ಬಾಗಿ ಊರುಗೋಲು ಹಾಕಿದ್ದರೆ ರೈಜೋಫೊರಾ. ಕೆಸರಿನಿಂದ ಪೆನ್ಸಿಲ್ ದಪ್ಪದ ಬೇರುಗಳು ಸಾಲಾಗಿ ಮೇಲೆದ್ದಿದ್ದರೆ ಅವಿಸೆನಿಯಾ. ಬೆಳಿಗ್ಗೆ ಇದರ ಎಲೆ ನೆಕ್ಕಿದರೆ ಉಪ್ಪು, ಬಿಸಿಲೇರಿದ ಮೇಲೆ ಬಿಳಿ ಹರಳೂ ಕಾಣುತ್ತದೆ. ಬುಡ ದಪ್ಪ, ತುದಿ ಚೂಪಾದ ಶಂಕುವಿನಂಥ ಬೇರು, ನಕ್ಷತ್ರದಂಥ ತೊಟ್ಟಿನ ಮೇಲೆ ಕೂತ ಹಸಿರು ಕಾಯಿ ಇದ್ದರೆ ಸೊನ್ನರೇಶಿಯಾ. ಮುಳ್ಳೆಲೆಯ ನೇರಳೆ ಹೂವಿನ ಪೊದೆ ಹೊಳೆಚುಳ್ಳಿ. ಎಲೆ ಚಿವುಟಿದಾಗ ಬಿಳಿ ಹಾಲು ಬಂದರೆ ಅದು ಎಕ್ಸೊಕೇರಿಯಾ, ಆ ಕೈಯಲ್ಲಿ ಕಣ್ಣು ಮುಟ್ಟಬಾರದು; ಮಕ್ಕಳಿಗೆ ಇದನ್ನು ಬಸ್ಸಿನಲ್ಲೇ ಹೇಳಿ. ಅಂದ ಹಾಗೆ ಇನ್ನೊಂದು ಕಾಂಡ್ಲಾ ಗಿಡದ ಕ್ಯಾಂಡೇಲಿಯಾ ಎಂಬ ಶಾಸ್ತ್ರೀಯ ಹೆಸರು ಬಂದದ್ದು ಮಲಯಾಳದ ‘ಕಂಡಲ್’ ಶಬ್ದದಿಂದ, ನಮ್ಮ ಕಾಂಡ್ಲಾದ ನಂಟು.

ಇನ್ನು ಗಿಡ ನೆಡುವುದು. ದಯವಿಟ್ಟು ಆ ಕೆಸರಲ್ಲಿ ಬೇಡ ಮಾರಾಯ್ರೆ. ಇಂಥ ಹೆಚ್ಚಿನ ಕಾರ್ಯಕ್ರಮಗಳು ಸೋಲುವುದು ಅಲ್ಲೇ. ಕಾಂಡ್ಲಾ ಉಪ್ಪುನೀರಿನ ಗಿಡವಾದರೂ ದಿನದ ಹೆಚ್ಚಿನ ಹೊತ್ತು ಅದರ ಬುಡ ಗಾಳಿಯಲ್ಲಿರಬೇಕು, ಅಂದರೆ ಸರಾಸರಿ ನೀರಿನ ಮಟ್ಟಕ್ಕಿಂತ ಮೇಲೆ. ಅದಕ್ಕಿಂತ ಕೆಳಗೆ ನೆಟ್ಟರೆ ಕಾಂಡದ ಮೇಲೆ ಬಾರ್ನಕಲ್ ಎಂಬ ಅಂಟಿಕೊಳ್ಳುವ ಸಣ್ಣ ಚಿಪ್ಪುಜೀವಿಗಳು ಕಂತೆ ಕಟ್ಟುತ್ತವೆ, ಆ ಭಾರಕ್ಕೆ ಗಿಡ ಬಾಗಿ ಬೀಳುತ್ತದೆ. ಉಳಿದದ್ದನ್ನು ಪ್ಲಾಸ್ಟಿಕ್ ಸುತ್ತಿಕೊಂಡು ಎಳೆಯುತ್ತದೆ. ಒಂದು ಜಾಗದಲ್ಲಿ ತಾನಾಗಿ ಒಂದೂ ಸಸಿ ಹುಟ್ಟದೆ ಇದ್ದರೆ ಅದಕ್ಕೊಂದು ಕಾರಣ ಇರುತ್ತದೆ.

ಕಾಲವೂ ಕೂಡಿಬರುವುದಿಲ್ಲ. ರೈಜೋಫೊರಾ ಕೋಡು (ಮರದಲ್ಲೇ ಮೊಳೆತು ಕೋಲಿನಂತೆ ಇಳಿಬಿದ್ದ ಮೊಳಕೆ) ಹಣ್ಣಾಗಿ ಬೀಳುವುದು ಮಳೆಗಾಲದಲ್ಲಿ, ಜೂನ್‌ನಿಂದ ಆಗಸ್ಟ್. ಹಣ್ಣಿನ ಕೆಳಗೆ ಕೋಡಿನ ತಲೆಯ ಉಂಗುರ ರೈಜೋಫೊರಾದ ಮ್ಯೂಕ್ರೊನೇಟಾ ಜಾತಿಯಲ್ಲಿ ಹಳದಿ, ಅಪಿಕ್ಯುಲೇಟಾ ಜಾತಿಯಲ್ಲಿ ಕೆಂಪು ತಿರುಗಿದರೆ ಬಲಿತಿದೆ ಎಂದರ್ಥ. ತೂತು ಬಿದ್ದದ್ದು ಬೇಡ. ಚೂಪು ತುದಿ ಕೆಳಗೆ ಮಾಡಿ ಮೂರನೇ ಒಂದು ಭಾಗ ಮಾತ್ರ ಊರಬೇಕು. ಇನ್ನೂ ಆಳಕ್ಕೆ ಹೋದರೆ ಕೊಳೆಯುತ್ತದೆ, ಮೇಲೆಯೇ ಊರಿದರೆ ಮುಂದಿನ ಭರತಕ್ಕೆ ತೇಲಿ ಹೋಗುತ್ತದೆ. ಒಂದೊಂದಕ್ಕೂ ಒಂದೂವರೆ ಮೀಟರ್ ಅಂತರ. ಜಾಗ ಯಾವುದು ಎಂದು ಅರಣ್ಯ ಇಲಾಖೆಯವರ ಹತ್ತಿರ ಕೇಳಿಯೇ ಮಾಡಿ. ಕಾಂಡ್ಲಾ ಇರುವ ಜಾಗ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) 1ಎ, ಫೋಟೋಕ್ಕೆಂದು ಕೊಂಬೆ ಮುರಿಯುವ ಹಾಗೂ ಇಲ್ಲ.

ಮರುವಾಯಿ_ಸುಕ್ಕ:
‘ಖಾಲಿ ಕೆಸರು’ ಎಂದಿರಲ್ಲ, ಊರಿನವರ ಎದುರು ಹಾಗೆ ಹೇಳಬೇಡಿ. ಅದು ಮರುವಾಯಿ (ಕೆಸರಲ್ಲಿ ಹುದುಗಿರುವ ಚಿಪ್ಪುಜೀವಿ) ಗದ್ದೆ. ಕೆಸರಿನ ಮೇಲೆ ಹತ್ತಿರ ಹತ್ತಿರ ಎರಡು ಸಣ್ಣ ತೂತು ಕಂಡರೆ ಕೆಳಗೊಂದು ಕೂತಿದೆ: ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ದಪ್ಪ ಕಪ್ಪು ಚಿಪ್ಪಿನದು ಉಪ್ಪು ಕಡಿಮೆ ಇರುವ ಮೇಲ್ಭಾಗದಲ್ಲಿ, ಸಾಲು ಗೆರೆ ಎದ್ದ ಚಿಪ್ಪಿನದು ಅಳಿವೆ ಬಾಗಿಲ ಕಡೆ. ಮಕ್ಕಳು ಹೆಕ್ಕಿ ಲೆಕ್ಕ ಮಾಡಲಿ, ಆಮೇಲೆ ಅಲ್ಲೇ ಬಿಡಲಿ.

ಮನೆಗೆ ತರುವುದಾದರೆ ಅದೇ ಹೊಳೆಯ ಉಪ್ಪುನೀರಿನಲ್ಲಿ ನಾಲ್ಕೈದು ಗಂಟೆ ಇಡಬೇಕು, ಆಗ ಮರಳು ಉಗುಳುತ್ತದೆ. ನಲ್ಲಿ ನೀರಿಗೆ ಹಾಕಿದರೆ ಬಾಯಿ ಮುಚ್ಚಿ ಕೂರುತ್ತದೆ, ಸುಕ್ಕ ಮಾಡಿ ತಿನ್ನುವಾಗ ಹಲ್ಲಿಗೆ ಮರಳು ಸಿಗುತ್ತದೆ. ಬೇಯಿಸುವ ಮೊದಲು ತಟ್ಟಿದರೂ ಮುಚ್ಚದ್ದು, ಬೆಂದ ಮೇಲೂ ತೆರೆಯದ್ದು ಎರಡೂ ಬಿಸಾಡಿ.

ಚಿಪ್ಪು ಸುಣ್ಣವಾಗುತ್ತಿತ್ತು, ಇದು ರಸಾಯನಶಾಸ್ತ್ರದ ಪಾಠಕ್ಕೂ ಆಯಿತು. ಭಟ್ಟಿಯಲ್ಲಿ ಇದ್ದಿಲು, ಚಿಪ್ಪು ಪದರ ಪದರವಾಗಿ ಹಾಕಿ ಸುಮಾರು 900 ಡಿಗ್ರಿಗೆ ಸುಟ್ಟರೆ 100 ಕೆ.ಜಿ. ಚಿಪ್ಪಿಗೆ ಹೆಚ್ಚೆಂದರೆ 56 ಕೆ.ಜಿ. ಸುಟ್ಟ ಸುಣ್ಣ. ಉಳಿದದ್ದು ಗಾಳಿಗೆ. ಕಾವು ಸಾಲದಿದ್ದರೆ ನೀರು ಹಾಕಿದಾಗ ಅರಳದೆ ಚಿಪ್ಪು ಚಿಪ್ಪಾಗಿಯೇ ಉಳಿಯುತ್ತದೆ.

ಹಂಗಾರಕಟ್ಟೆಗೆ ದಾಟಿದ ಮೇಲೆ ಬಾರ್ಕೂರು ಬಿಡಬೇಡಿ. ಆಳುಪರ ರಾಜಧಾನಿ ಎಂದು ಮಾತ್ರ ಹೇಳಿ ಕತ್ತಲೆ ಬಸದಿ ತೋರಿಸಿ ಮುಗಿಸುತ್ತಾರೆ. ಅದು ಸೀತಾ ಹೊಳೆಯ ಬಂದರೂ ಹೌದು. 14ನೇ ಶತಮಾನದಲ್ಲಿ ಇಬ್ನ್ ಬತೂತ ಫಾಕನೂರ್ ಎಂದದ್ದು, ಪೋರ್ಚುಗೀಸರು ಬಾಕನೂರ್ ಎಂದದ್ದು ಈ ಊರನ್ನೇ. ಬೆಳಿಗ್ಗೆ ಇಳಿತ ನೋಡಿದ ಮಕ್ಕಳು ಮಧ್ಯಾಹ್ನ ಭರತದ ಹೊತ್ತಿಗೆ ಅಲ್ಲಿ ಹೊಳೆಬದಿಗೆ ನಿಂತರೆ, ಕಡಲ ನೀರು ಇಷ್ಟು ಒಳಗೆ ದೋಣಿಯನ್ನು ತಳ್ಳಿಕೊಂಡು ಬರುತ್ತಿದ್ದುದು ಹೇಗೆಂದು ವಿವರಿಸುವುದೇ ಬೇಡ.

ಹೊಳೆಬದಿ_ಉಡುಪಿ:
ನೆಡುವುದನ್ನು ಕೈಬಿಟ್ಟೆ. ಅದರ ಬದಲು ಒಂದು ಗಂಟೆಯಲ್ಲಿ ಆಗುವ ಕೆಲಸ ಏನಾದರೂ?

ಕಾಂಡ್ಲಾಕಾಡು:
ಪಿವಿಸಿ ಪೈಪಿನಲ್ಲಿ 50 ಸೆಂ.ಮೀ. ಚೌಕದ ಐದು ಚೌಕಟ್ಟು ಮಾಡಿಸಿ, ಐದೈದು ಮಕ್ಕಳ ಐದು ಗುಂಪು. ನೀರಿನ ಅಂಚಿನಿಂದ ಕಾಂಡ್ಲಾ ಬುಡದವರೆಗೆ ಹಗ್ಗ ಎಳೆದು ಪ್ರತಿ ಹತ್ತು ಮೀಟರಿಗೆ ಚೌಕಟ್ಟು ಇಟ್ಟು ಏಡಿ ಬಿಲ, ಮರುವಾಯಿ ತೂತು, ಸಸಿ ಎಣಿಸಲಿ. ಪೂರ್ತಿ ತೂತುಗಳೇ ತುಂಬಿದ ಚೌಕದಲ್ಲಿ ಕಾಲು ಭಾಗ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಸಿಕ್ಕಿದರೆ ಅಳಿವೆಯಲ್ಲಿ, ಕೆಮ್ಮಣ್ಣು ತೂಗುಸೇತುವೆ ಹತ್ತಿರ, ಮತ್ತೆ ಉಪ್ಪುನೀರು ತಡೆಯಲು ಹಲಗೆ ಹಾಕಿದ ಯಾವುದಾದರೂ ಕಿಂಡಿ ಅಣೆಕಟ್ಟಿನ ಎರಡೂ ಬದಿ ಉಪ್ಪು ಅಳೆಯಿರಿ. ಪ್ರತಿ ಸಲವೂ ಗಾಜಿಗೆ ಸಿಹಿನೀರು ಹಾಕಿ ಸೊನ್ನೆಗೆ ತಂದುಕೊಂಡೇ ಅಳೆಯಬೇಕು, ಇಲ್ಲದಿದ್ದರೆ ಹಿಂದಿನ ಹನಿಯ ಉಪ್ಪೂ ಲೆಕ್ಕಕ್ಕೆ ಸೇರುತ್ತದೆ.