ಮಕ್ಕಳ ಜೊತೆ ಸೇರಿ ಬರೆಯುವುದು ಹೇಗೆ? ನಿಮ್ಮ ಅನುಭವ ಹೇಳಿ

ಬಾಗಲಕೋಟೆ ಕಡೆಯ ಹಳ್ಳಿ ಶಾಲೆ, ಮೂರನೇ ತರಗತಿ. ಬೋರ್ಡ್ ಮೇಲೆ ಇರುವುದನ್ನು ಮಕ್ಕಳು ದುಂಡಗೆ ನಕಲು ಮಾಡುತ್ತಾರೆ. ನೀವೇ ಎರಡು ವಾಕ್ಯ ಬರೀರಿ ಅಂದರೆ ಪೆನ್ಸಿಲ್ ಕಚ್ಚುತ್ತಾ ಕೂಡುತ್ತಾರೆ. ಎಲ್ಲರೂ ಸೇರಿ ಬೋರ್ಡ್ ಮೇಲೆ ಬರೆಯುವುದನ್ನು ಯಾರಾದರೂ ಮಾಡಿ ನೋಡಿದ್ದೀರಾ? ದಯವಿಟ್ಟು ಹೇಳಿ.

ಮುಧೋಳ ಕಡೆಯಿಂದ:
ಟೀಚರ್, ನಾನು ಆರು ವರ್ಷದಿಂದ ಹೀಗೇ ಬರೆಸುತ್ತಿದ್ದೇನೆ. ಮೊದಲು ವಿಷಯ ನೋಡಿ ಆರಿಸಿ. 'ನಮ್ಮ ಶಾಲೆ', 'ಹಸು' ಬೇಡ. ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯ ಮಾರನೇ ದಿನ, ನಿನ್ನೆ ಏನಾಯಿತು ಅಂತ ಕೇಳಿದೆ. "ಎತ್ತಿನ ಕೋಡು ಮುರೀತ್ರಿ ಸರ" ಅಂದಳು ಒಬ್ಬ ಹುಡುಗಿ. ಬರೆದೆ. "ಯಾವ ಎತ್ತಿಂದು?" ಅಂತ ಹಿಂದಿನಿಂದ ಒಬ್ಬ ಕೇಳಿದ. 'ಎಡಗಡೆ ಎತ್ತಿನ' ಅಂತ ಸೇರಿಸಿದೆವು. ಆಮೇಲೆ? "ಅಪ್ಪ ಜ್ವಾಳದ ದಂಟು ಚುಚ್ಚಿ ಕೂಡಿಸಿದ." ಅಲ್ಲಿ ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. 'ಚುಚಿ' ಅಂತ ಬರೆದಳು. ನಾನು ಏನೂ ಹೇಳಲಿಲ್ಲ. ಎಲ್ಲರೂ ಒಟ್ಟಿಗೆ ಓದಿದಾಗ ಅವಳಿಗೇ ಗೊತ್ತಾಯಿತು. ಓಡಿ ಬಂದು ಒತ್ತು ಹಾಕಿದಳು.

ದಿನಕ್ಕೆ ನಾಲ್ಕೈದು ವಾಕ್ಯ ಸಾಕು. ಸೀಮೆಸುಣ್ಣ ಮೂರ್ನಾಲ್ಕು ಮಕ್ಕಳಿಗೆ ಸಿಗುತ್ತದೆ. ಉಳಿದವರು ನಲಿ-ಕಲಿ (ಚಟುವಟಿಕೆ ಮಾಡುತ್ತಾ ಕಲಿಯುವ) ಕೋಣೆಯ ತಗ್ಗು ಗೋಡೆ ಹಲಗೆಯ ಮೇಲೆ ಅದೇ ಪದ ಬರೆಯಲಿ, ಸುಮ್ನೆ ಕೂತಿರುವುದು ಬೇಡ. ಎಲ್ಲಾ ಮುಗಿದ ಮೇಲೆ ಬೋರ್ಡ್ ಒರೆಸಿಬಿಡಿ. ಇದನ್ನು ಮಾತ್ರ ತಪ್ಪಿಸಬೇಡಿ. ಬಿಟ್ಟರೆ ಮತ್ತೆ ನಕಲೇ ಅಲ್ವಾ? ಒರೆಸಿ, "ಈಗ ನಿಮ್ಮ ಮನೆ ಎತ್ತಿನ ಕಥೆ ಬರೀರಿ" ಅನ್ನಿ. ಮೊದಲ ತಿಂಗಳು ಒಂದೇ ಸಾಲು ಬಂದರೂ ಅದು ಅವರದೇ ಸಾಲು.

ವಿಜಯಪುರದಿಂದ:
ಮೇಲಿನ ಗುರುಗಳ ಮಾತು ನಿಜ. ನಾನು ಮಾಡಿದ ತಪ್ಪು ಹೇಳುತ್ತೇನೆ. ಮಕ್ಕಳು 'ಬಂದೈತಿ' ಅಂದ ಕೂಡಲೇ 'ಬಂದಿದೆ' ಅಂತ ತಿದ್ದಿ ಬರೆಯುತ್ತಿದ್ದೆ. ವಾರದೊಳಗೆ ಮಾತೇ ನಿಂತಿತು. ಈಗ ಹೇಳಿದ ಹಾಗೇ ಬರೆದು, ಪುಸ್ತಕದಲ್ಲಿ ಇದು ಹೇಗಿರುತ್ತದೆ ಅಂತ ಆಮೇಲೆ ಕೇಳುತ್ತೇನೆ. ಅವರೇ ಬದಲಿಸುತ್ತಾರೆ. ಗೋಳಗುಮ್ಮಟಕ್ಕೆ ಹೋಗಿ ಬಂದ ಮೇಲೆ, ಕೂಗು ಎಷ್ಟು ಸಲ ಮರಳಿ ಕೇಳಿತು ಅಂತ ಜಗಳವೇ ಆಯಿತು. ಏಳು ಅಂದರು ಕೆಲವರು, ಹತ್ತು ಅಂದರು ಕೆಲವರು. ಎರಡನ್ನೂ ಬರೆದೆವು. 1656ರಲ್ಲಿ ಕಟ್ಟಿ ಮುಗಿಸಿದರು ಅನ್ನುವ ವಾಕ್ಯ ನಾನು ಕೊಟ್ಟಿದ್ದು. ಮಾರನೇ ದಿನ ಅದೊಂದನ್ನು ಬಿಟ್ಟು ಉಳಿದದ್ದೆಲ್ಲಾ ಅವರಿಗೆ ನೆನಪಿತ್ತು.

ಬೆಳಗಾವಿಯಿಂದ:
ನಮ್ಮ ತರಗತಿಯಲ್ಲಿ ಅರ್ಧ ಮಕ್ಕಳ ಮನೆಮಾತು ಮರಾಠಿ. ಒಬ್ಬ "ಪಾಊಸ್ ಆಲಾ" ಅಂದರೆ ಪಕ್ಕದವಳು "ಮಳೆ ಬಂತು" ಅನ್ನುತ್ತಾಳೆ. ಬರೆಯುವುದು ಮಾತ್ರ ಅವನೇ. ಬಾಯಿ ಬಿಡದ ಮಗುವಿಗೆ ಮೊದಲು ವಾಕ್ಯದ ಕೊನೆಗೆ ಚುಕ್ಕಿ ಇಡುವ ಕೆಲಸ ಕೊಡಿ. ಚುಕ್ಕಿ ಎಲ್ಲಿ ಬರುತ್ತದೆ ಅಂತ ಕಾಯುತ್ತಾ ಪೂರ್ತಿ ಓದುತ್ತದೆ. ವಾರಕ್ಕೊಮ್ಮೆ ಒಂದು ಬರಹವನ್ನು ಡ್ರಾಯಿಂಗ್ ಶೀಟ್‌ಗೆ ಇಳಿಸಿ, ಎಲ್ಲರ ಹೆಸರು ಬರೆದು, ಮಕ್ಕಳ ಎತ್ತರಕ್ಕೆ ಗೋಡೆಗೆ ಹಚ್ಚುತ್ತೇವೆ. ಬಿಸಿಯೂಟ ಮುಗಿಸಿ ಬಂದವರು ಬೆರಳಿಟ್ಟು ತಮ್ಮ ವಾಕ್ಯ ಹುಡುಕುತ್ತಾರೆ.