ಹ್ಯಾಮರ್ ಟೆಸ್ಟ್‌ನಲ್ಲಿ ಸ್ಲ್ಯಾಬ್ ಪಾಸ್, ಆದರೂ ರಾಡ್ ಕಾಣುತ್ತಿದೆ. ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಮಲ್ಪೆ ಹತ್ತಿರ ನಮ್ಮ ಮನೆ, ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. 1993ರಲ್ಲಿ ಅಪ್ಪ ಕಟ್ಟಿಸಿದ್ದು. ಈ ಮಳೆಗಾಲದಲ್ಲಿ ಹಾಲ್‌ನ ಸ್ಲ್ಯಾಬಿನಿಂದ ಕಾಂಕ್ರೀಟ್ ಚಕ್ಕೆ ಬಿತ್ತು. ತುಕ್ಕು ಹಿಡಿದ ರಾಡ್ ಕಾಣುತ್ತಿದೆ. ಒಬ್ಬರು ಬಂದು ಹ್ಯಾಮರ್ ಟೆಸ್ಟ್ ಮಾಡಿ, "ಒಳ್ಳೆ ನಂಬರ್ ಬಂದಿದೆ, ಪ್ಲಾಸ್ಟರ್ ಮಾಡಿಸಿ ಸಾಕು" ಅಂದರು. ಮಾಡಿಸಬಹುದಾ?

ಉತ್ತರ: ದಯವಿಟ್ಟು ಬೇಡ. ಮೊದಲು ಆ ಜಾಗದ ಕೆಳಗೆ ಕೂರುವುದು, ಮಲಗುವುದು ನಿಲ್ಲಿಸಿ. ಇವತ್ತೇ ಸ್ಲ್ಯಾಬಿಗೆ ಕೆಳಗಿನಿಂದ ಆಸರೆಯಾಗಿ ಜಾಕಿ ಕೊಡಿಸಿ.

ಹ್ಯಾಮರ್ ಟೆಸ್ಟ್‌ಗೆ ಬಳಸುವ ರಿಬೌಂಡ್ ಹ್ಯಾಮರ್ (ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯುತ್ತದೆ ಅಂತ ಅಳೆಯುವ ಉಪಕರಣ) ಹೇಳುವುದು ಕಾಂಕ್ರೀಟಿನ ಮೇಲ್ಪದರ ಎಷ್ಟು ಗಟ್ಟಿ ಅಂತ ಮಾತ್ರ. ರಾಡಿನ ಸ್ಥಿತಿ ಅದಕ್ಕೆ ಗೊತ್ತಾಗುವುದಿಲ್ಲ. ಹಳೆ ಕಾಂಕ್ರೀಟ್ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮೇಲ್ಗಡೆ ಇನ್ನೂ ಗಟ್ಟಿಯಾಗುತ್ತದೆ, ನಂಬರ್ ಜಾಸ್ತಿ ಬರುತ್ತದೆ. ಆದರೆ ಅದರಿಂದಲೇ ಕಾಂಕ್ರೀಟಿನ ಕ್ಷಾರ ಗುಣ ಇಳಿಯುತ್ತದೆ, ರಾಡಿಗಿದ್ದ ರಕ್ಷಣೆ ಹೋಗುತ್ತದೆ. ನಂಬರ್ ಚೆನ್ನಾಗಿ ಬಂದ ಕಡೆಯೇ ಒಳಗೆ ತುಕ್ಕು ತಿನ್ನುತ್ತಿರಬಹುದು! ಈ ವಿಷಯ ಯಾರೂ ಮನೆಯವರಿಗೆ ಹೇಳುವುದಿಲ್ಲ, ಅದೇ ನನಗೆ ಬೇಜಾರು.

ಸಣ್ಣ ಸುತ್ತಿಗೆಯಿಂದ ಇಡೀ ಸ್ಲ್ಯಾಬ್ ತಟ್ಟಿಸಿ. ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ (ಕ್ಷಾರ ತೋರಿಸುವ ದ್ರಾವಣ) ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿ ಆಗುತ್ತದೆ. ಬಣ್ಣ ಬಾರದ ಭಾಗ ರಾಡಿನ ತನಕ ಹೋಗಿದೆಯಾ ನೋಡಬೇಕು. ಗುಲಾಬಿ ಬಂತು ಅಂತ ಸುಮ್ನೆ ಕೂರಬೇಡಿ. ನಿಮ್ಮದು ಕಡಲತೀರ, ಉಪ್ಪು ಒಳಗೆ ಇಳಿದಿದ್ದರೆ ಗುಲಾಬಿ ಇದ್ದಲ್ಲೂ ರಾಡ್ ತುಕ್ಕು ಹಿಡಿಯುತ್ತದೆ. ಹಾಗಾಗಿ ಡ್ರಿಲ್ ಪುಡಿ ತೆಗೆಸಿ ಕ್ಲೋರೈಡ್ (ಉಪ್ಪಿನ ಅಂಶ) ಪರೀಕ್ಷೆ ಮಾಡಿಸಿ. ರಾಡಿನ ವಿದ್ಯುತ್ ವೋಲ್ಟೇಜ್ ಅಳೆದು ತುಕ್ಕಿನ ಸಾಧ್ಯತೆ ತಿಳಿಯುವ ಹಾಫ್ ಸೆಲ್ ಟೆಸ್ಟ್ ಕೂಡ ಆಗಲಿ. ಅದರ ಕಾಪರ್ ಸಲ್ಫೇಟ್ ಎಲೆಕ್ಟ್ರೋಡಿನಲ್ಲಿ ಅಳತೆ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಇಳಿದರೆ, ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು.

ಪ್ರಶ್ನೆ: ಸರ್, ಕೋರ್ (ಪರೀಕ್ಷೆಗೆ ಕೊರೆದು ತೆಗೆಯುವ ಕಾಂಕ್ರೀಟ್ ತುಂಡು) ತೆಗೆಸಬೇಕಾ? ಅದೇ ಪಕ್ಕಾ ಅಂತಾರಲ್ವಾ?

ಉತ್ತರ: ಕಾಂಕ್ರೀಟಿನ ಬಲ ತಿಳಿಯಲು ಪಕ್ಕಾ, ಹೌದು. ಆದರೆ ನಿಮ್ಮ ಚಿಂತೆ ರಾಡಿನದ್ದು. ತೆಗೆಸುವುದಾದರೆ ಕವರ್ ಮೀಟರ್‌ನಿಂದ ರಾಡ್ ಎಲ್ಲಿದೆ ಅಂತ ಹುಡುಕಿಸಿಯೇ ಕೊರೆಸಿ, ಇಲ್ಲದಿದ್ದರೆ ಒಳ್ಳೆ ರಾಡೂ ಕತ್ತರಿಸಿ ಹೋಗುತ್ತದೆ.

ಅದಕ್ಕಿಂತ ಮುಂಚೆ ಕಾಣುವ ರಾಡಿನ ತುಕ್ಕು ಉಜ್ಜಿಸಿ ವರ್ನಿಯರ್‌ನಲ್ಲಿ (ದಪ್ಪ ಅಳೆಯುವ ಸಾಧನ) ಅಳೆಸಿ. 8 ಎಂಎಂ ರಾಡ್ 7ಕ್ಕೆ ಇಳಿದರೂ ಸುಮಾರು ಕಾಲು ಭಾಗ ಉಕ್ಕು ಹೋದಂತೆ. ನಾಲ್ಕೈದು ಕಡೆ ಅಳತೆ ತೆಗೆಸಿ, ಫೋಟೋ ಸಮೇತ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.