"ಕ್ಯೂಬಾದಲ್ಲಿ ವರ್ಣಭೇದ ಇಲ್ಲ, ಎಲ್ರೂ ಕ್ಯೂಬನ್ನರೇ" ಅಂದವರು 1912ರಲ್ಲಿ ಅಷ್ಟು ಕಪ್ಪು ಜನರನ್ನ ಯಾಕೆ ಕೊಂದ್ರು?

ಅರ್ಧ_ಓದು:
ಒಂದು ವಾರದಿಂದ ಸ್ಪೇನ್ ವಿರುದ್ಧ ಕ್ಯೂಬಾ ನಡೆಸಿದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಓದ್ತಾ ಇದೀನಿ, ಒಂದು ಕಡೆ ಬಂದು ತಲೆ ಕೆಟ್ಟೋಯ್ತು. ಆ ಹೋರಾಟದ ನಾಯಕ ಹೊಸೆ ಮಾರ್ತಿ 1893ರಲ್ಲೇ ಬರೀತಾನೆ, ಮನುಷ್ಯ ಅನ್ನೋದು ಬಿಳಿ, ಮಿಶ್ರ, ಕಪ್ಪು ಎಲ್ಲಕ್ಕಿಂತ ದೊಡ್ಡದು, ಕ್ಯೂಬನ್ ಅನ್ನೋದೂ ಹಾಗೇ ಅಂತ. ಆಂಟೋನಿಯೊ ಮಾಸೆಯೊ ಥರದ ಆಫ್ರೋ-ಕ್ಯೂಬನ್ ಜನರಲ್ ಕೈಕೆಳಗೆ ಬಿಳಿ ಸೈನಿಕರೂ ಹೋರಾಡಿದಾರೆ, ಆ ಕಾಲದ ಅಮೆರಿಕದಲ್ಲಿ ಇದನ್ನ ಊಹಿಸೋಕೂ ಆಗ್ತಿರ್ಲಿಲ್ಲ. ಸರಿ. 1902ರಲ್ಲಿ ಗಣರಾಜ್ಯ ಆಯ್ತು. ಬರೀ ಹತ್ತು ವರ್ಷ ಆಗಿದೆ ಅಷ್ಟೇ, ಅದೇ ಗಣರಾಜ್ಯದ ಸೈನ್ಯ ಪೂರ್ವದ ಓರಿಯೆಂತೆ ಪ್ರಾಂತ್ಯಕ್ಕೆ ನುಗ್ಗಿ ಸಾವಿರಗಟ್ಟಲೆ ಕಪ್ಪು ಜನರನ್ನ ಕೊಂದುಹಾಕುತ್ತೆ. ಇನ್ನೂ ವಿಚಿತ್ರ ಅಂದ್ರೆ ಕಪ್ಪು ಜನ ಕಟ್ಕೊಂಡಿದ್ದ ಪಕ್ಷನ ಬ್ಯಾನ್ ಮಾಡೋ ಕಾನೂನು ಮಂಡಿಸಿದ್ದು ಒಬ್ಬ ಆಫ್ರೋ-ಕ್ಯೂಬನ್ ಸೆನೆಟರ್ರೇ. ಮಾರ್ತಿ ಮಾತು ಮರೆತೇಹೋಯ್ತಾ, ಇಲ್ಲ ಮೊದ್ಲಿಂದ್ಲೂ ಬರೀ ಬಾಯಿಮಾತಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇ_ನಕ್ಷೆ:
ಮರೀಲಿಲ್ಲ ಗುರು. ಆ ಮಾತನ್ನೇ ಕೋಲು ಮಾಡ್ಕೊಂಡು ಹೊಡೆದ್ರು. ಇದು ಅರ್ಥ ಆಗ್ಬೇಕಂದ್ರೆ ಮಾರ್ತಿ ಅದನ್ನ ಯಾರಿಗೆ ಹೇಳ್ತಿದ್ದ ಅಂತ ನೋಡ್ಬೇಕು, ಅದಕ್ಕೆ ಸಕ್ಕರೆಯಿಂದ ಶುರು ಮಾಡ್ಬೇಕು.

1791ರಲ್ಲಿ ಪಕ್ಕದ ಹೈಟಿಯಲ್ಲಿ ಗುಲಾಮರು ದಂಗೆ ಎದ್ದು ತೋಟಗಳಿಗೆ ಬೆಂಕಿ ಇಟ್ರು, ಪ್ರಪಂಚಕ್ಕೆ ಸಕ್ಕರೆ ಕೊಡ್ತಿದ್ದ ಜಾಗ ಖಾಲಿ ಆಯ್ತು, ಆ ಜಾಗಕ್ಕೆ ಕ್ಯೂಬಾದ ತೋಟದ ಮಾಲೀಕರು ಬಂದ್ ಕೂತ್ರು. ಕಬ್ಬು ಕಡಿಯೋಕೆ ಹಡಗುಗಟ್ಟಲೆ ಜನರನ್ನ ಆಫ್ರಿಕಾದಿಂದ ತಂದ್ರು. 1820ರಿಂದ ಈ ವ್ಯಾಪಾರ ನಿಲ್ಲಿಸ್ತೀವಿ ಅಂತ ಸ್ಪೇನ್ 1817ರಲ್ಲೇ ಬ್ರಿಟನ್ ಜೊತೆ ಒಪ್ಪಂದ ಮಾಡ್ಕೊಂಡಿತ್ತು, ಆದ್ರೆ ಕಳ್ಳಸಾಗಣೆ 1860ರ ದಶಕದವರೆಗೂ ರಾಜಾರೋಷವಾಗಿ ನಡೀತು. 1841ರ ಜನಗಣತಿ ನೋಡಿ, ಒಟ್ಟು ಹತ್ತು ಲಕ್ಷ ಚಿಲ್ಲರೆ ಜನ, ಅದ್ರಲ್ಲಿ ಗುಲಾಮರೇ 4,36,000ಕ್ಕಿಂತ ಹೆಚ್ಚು, ಬಿಳಿಯರು 4,18,000. ಸ್ವತಂತ್ರ ಕಪ್ಪು ಮತ್ತು ಮಿಶ್ರ ಜನ ಬೇರೆ ಒಂದೂವರೆ ಲಕ್ಷ. ಈ ಲೆಕ್ಕ ನೋಡಿ ಮಾಲೀಕರಿಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಮೆಕ್ಸಿಕೊ, ಅರ್ಜೆಂಟೀನಾ ಎಲ್ಲ ಸ್ಪೇನ್‌ನಿಂದ ಬಿಟ್ಟುಹೋದ್ರೂ ಕ್ಯೂಬಾ ಯಾಕೆ ಅಂಟ್ಕೊಂಡು ಕೂತಿತ್ತು? ಸ್ಪೇನಿನ ಸೈನ್ಯ ಹೋದ್ರೆ ಇದೂ ಇನ್ನೊಂದು ಹೈಟಿ ಆಗುತ್ತೆ ಅನ್ನೋ ಭಯ, ದೊಡ್ಡ ಕಾರಣ ಅದೇ.

1868 ಅಕ್ಟೋಬರ್ 10ಕ್ಕೆ ಸೆಸ್ಪೆದೆಸ್ ಅನ್ನೋ ತೋಟದ ಮಾಲೀಕ ತನ್ನ ಲಾ ದೆಮಾಹಾಗ್ವಾ ತೋಟದ ಗುಲಾಮರನ್ನ ಬಿಡುಗಡೆ ಮಾಡಿ ದಂಗೆ ಎದ್ದ, ಅವನೂ ಪೂರ್ತಿ ಗುಲಾಮಗಿರಿ ರದ್ದು ಅನ್ನೋಕೆ ಹಿಂದೆಮುಂದೆ ನೋಡಿದ, ಯಾಕಂದ್ರೆ ಪಶ್ಚಿಮದ ಶ್ರೀಮಂತ ಮಾಲೀಕರು ಬೇಕಿತ್ತು. 1878ರಲ್ಲಿ ಸ್ಪೇನ್ ಜೊತೆ ಸಾನ್ಹೋನ್ ಒಪ್ಪಂದ ಆಗಿ ಆ ಯುದ್ಧ ನಿಂತಾಗ ಯುದ್ಧದಲ್ಲಿದ್ದ ಗುಲಾಮರಿಗೆ ಮಾತ್ರ ಬಿಡುಗಡೆ, ತೋಟದಲ್ಲೇ ಉಳಿದವರಿಗೆ ಇಲ್ಲ. ಮಾಸೆಯೊ ಬಾರಾಗ್ವಾದಲ್ಲಿ ಸ್ಪೇನಿನ ಜನರಲ್ ಎದುರಿಗೇ ಕೂತು ಇದನ್ನ ಒಪ್ಪಲ್ಲ ಅಂದ. ಗುಲಾಮಗಿರಿ ಪೂರ್ತಿ ಮುಗಿದಿದ್ದು 1886ರಲ್ಲಿ, ಅದಕ್ಕೆ ಮುಂಚೆ ಆರು ವರ್ಷ "ಪಾತ್ರೊನಾತೊ" ಅಂತ ಒಂದು ಪದ್ಧತಿ, ಯಜಮಾನನ ಬದಲು ಪೋಷಕ ಅಂತ ಕರೆದ್ರು, ಚಾಕರಿ ಅದೇ.

ಅಷ್ಟು ದಿನವೂ ಸ್ಪೇನ್ ಕಡೆಯವರ ಪ್ರಚಾರ ಒಂದೇ, ಮಾಸೆಯೊ ಕಪ್ಪು ಜನರ ರಾಜ್ಯ ಕಟ್ಟೋಕೆ ಹೊರಟಿದಾನೆ ಅಂತ. ಮಾರ್ತಿ ಉತ್ತರ ಕೊಟ್ಟಿದ್ದು ಇದಕ್ಕೆ. ಒಟ್ಟಿಗೆ ರಕ್ತ ಸುರಿಸಿದೀವಿ, ಹೆದರ್ಕೋಬೇಡಿ ಅಂತ ಬಿಳಿಯರಿಗೆ ಧೈರ್ಯ ಹೇಳೋ ಮಾತು ಅದು. ಸುಳ್ಳಲ್ಲ, ಸ್ವಾತಂತ್ರ್ಯಕ್ಕೆ ಹೋರಾಡಿದ ಸೈನ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಮತ್ತು ಮಿಶ್ರ ಜನ ಇದ್ರು ಅಂತಾರೆ ಇತಿಹಾಸಕಾರರು. ಆದ್ರೆ ಸ್ಪೇನ್ ಜೊತೆಗಿನ ಕೊನೇ ಯುದ್ಧ ಮುಗಿದ್ಮೇಲೆ ಮಾತು ತಿರುವುಮುರುವಾಯ್ತು, ಎಲ್ರೂ ಕ್ಯೂಬನ್ನರೇ ಆದ್ಮೇಲೆ "ನಾವು ಕಪ್ಪು ಜನ, ನಮಗೆ ಕೆಲ್ಸ ಕೊಡ್ತಿಲ್ಲ" ಅಂತ ಬಾಯ್ಬಿಟ್ಟೋನೇ ಜನಾಂಗವಾದಿ.

ಖಾರಪುಡಿ:
ಮೇಲಿನೋರು ಹೇಳಿದ್ದೆಲ್ಲ ಸರಿ, ಆದ್ರೆ ಓಟಿನ ಲೆಕ್ಕ ಬಿಟ್ಬಿಟ್ರಿ ಸರ್. ಎವಾರಿಸ್ತೊ ಎಸ್ತೆನೋಸ್, ಪೆದ್ರೊ ಇವೊನೆ ಇಬ್ರೂ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರೇ. 1908ರಲ್ಲಿ ಶುರುವಾದ ಸ್ವತಂತ್ರ ವರ್ಣೀಯರ ಪಕ್ಷದ ನಾಯಕರು ಇವರು, ಕೇಳಿದ್ದು ಏನು ಗೊತ್ತಾ? ಸರ್ಕಾರಿ ಕೆಲಸದಲ್ಲಿ ಪಾಲು, ಉಚಿತ ಶಿಕ್ಷಣ, ಎಂಟು ಗಂಟೆ ದುಡಿಮೆ, ಭೂಮಿ ಹಂಚಿಕೆ. ಕಪ್ಪು ರಾಜ್ಯನೂ ಇಲ್ಲ ಏನೂ ಇಲ್ಲ. ಅಲ್ಲೀವರೆಗೆ ಕಪ್ಪು ಜನರ ಓಟು ಬಹುಪಾಲು ಲಿಬರಲ್ ಪಕ್ಷದವರ ಜೇಬಲ್ಲಿತ್ತು, ಅದು ಕೈಬಿಟ್ರೆ ಗತಿ ಏನು? ಸೆನೆಟರ್ ಮಾರ್ತಿನ್ ಮೊರುವಾ ದೆಲ್ಗಾದೊ ಲಿಬರಲ್ಲೇ. ಪಕ್ಷನ ಬ್ಯಾನ್ ಮಾಡಿದ 1910ರ ಕಾನೂನು ಅವನ ಹೆಸರಲ್ಲೇ ಇದೆ, ಪಾಸಾಗೋ ಮುಂಚೆ ಅವನೇ ಸತ್ತ.

ಹಳೇ_ನಕ್ಷೆ:
ಓಟು ಹೌದು, ಒಪ್ತೀನಿ. ಆದ್ರೆ ಮೊರುವಾನ್ನ ಬರೀ ಏಜೆಂಟ್ ಅಂತ ತಳ್ಳಿಹಾಕ್ಬೇಡಿ. ಅವನ ತಾಯಿ ಆಫ್ರಿಕಾದಿಂದ ಗುಲಾಮಳಾಗಿ ಬಂದೋಳು. ಕಪ್ಪು ಜನರ ಪಕ್ಷ ಅಂತ ಆದ್ರೆ ನಾಳೆ ಬಿಳಿಯರ ಪಕ್ಷನೂ ಆಗುತ್ತೆ, ಆಗ ಏಟು ಬೀಳೋದು ನಮಗೇ ಅಂತ ಅವನ ವಾದ. ಅದ್ರಲ್ಲಿ ತಿರುಳಿಲ್ಲ ಅನ್ನೋಕಾಗಲ್ಲ, ಪಕ್ಷ ಬ್ಯಾನ್ ಆದ್ರೂ ಏಟು ಬಿತ್ತು ಅನ್ನೋದು ಬೇರೆ ಮಾತು. 1912 ಮೇ 20, ಗಣರಾಜ್ಯಕ್ಕೆ ಹತ್ತು ತುಂಬಿದ ದಿನವೇ, ಕಾನೂನು ವಾಪಸ್ ತಗೊಳ್ಳಿ ಅಂತ ಆ ಪಕ್ಷದವರು ಆಯುಧ ಹಿಡಿದು ಪ್ರತಿಭಟನೆಗೆ ಇಳಿದ್ರು. ಪತ್ರಿಕೆಗಳು ಜನಾಂಗ ಯುದ್ಧ ಅಂತ ಕೂಗಿದ್ವು, ಅಮೆರಿಕ ನೌಕಾಪಡೆ ಇಳಿಸ್ತು, ಕ್ಯೂಬಾ ಸೈನ್ಯದವರು ಪಕ್ಷಕ್ಕೆ ಸಂಬಂಧನೇ ಇಲ್ದಿದ್ದ ರೈತರನ್ನೂ ಬಣ್ಣ ನೋಡಿ ಕೊಂದ್ರು. ಸತ್ತವರ ಅಂದಾಜು ಎರಡರಿಂದ ಆರು ಸಾವಿರ, ಸರ್ಕಾರದ ಕಡೆ ಬೆರಳೆಣಿಕೆ. ಎಸ್ತೆನೋಸ್ ಜೂನ್‌ನಲ್ಲಿ, ಇವೊನೆ ಜುಲೈನಲ್ಲಿ ಸತ್ರು.

ಡೋಲು_ಪ್ರಿಯೆ:
ನೀವೆಲ್ಲ ಮಾರ್ತಿಯಿಂದಲೇ ಶುರು ಮಾಡ್ತೀರಾ, ನಂಗೆ ಅದೇ ಬೇಜಾರು. ಹಂಗಂದ್ರೆ ಕಪ್ಪು ಜನ ತಮ್ಮ ಬಗ್ಗೆ ತಾವೇ ಯೋಚ್ನೆ ಮಾಡಿರ್ಲೇ ಇಲ್ವಾ? ಹೊಸೆ ಆಂಟೋನಿಯೊ ಅಪೊಂತೆ ಅಂತ ಹವಾನಾದ ಒಬ್ಬ ಸ್ವತಂತ್ರ ಬಡಗಿ, 1812ರಲ್ಲಿ ಗುಲಾಮಗಿರಿ ವಿರುದ್ಧ ದಂಗೆ ಸಂಚು ಅಂತ ಹಿಡಿದ್ರು. ಅವನ ಮನೇಲಿ ಒಂದು ಚಿತ್ರಗಳ ಪುಸ್ತಕ ಸಿಕ್ತು, ಅವನೇ ಮಾಡಿದ್ದು, ಅದ್ರಲ್ಲಿ ಕಪ್ಪು ರಾಜರು, ಕಪ್ಪು ಸೈನಿಕರು. ಒಂದೊಂದು ಪುಟ ತೋರ್ಸಿ ಇದೇನು ಇದೇನು ಅಂತ ವಿಚಾರಣೆ ಮಾಡಿದ್ರು. ಪುಸ್ತಕ ಕಳೆದುಹೋಗಿದೆ, ಅವನು ಕೊಟ್ಟ ಉತ್ತರಗಳು ಉಳಿದಿವೆ, ಅವನಿಗೆ ಗಲ್ಲು ಹಾಕಿ ತಲೆ ಕಡಿದು ಪಂಜರದಲ್ಲಿ ಇಟ್ರು. 1844ರಲ್ಲಿ ಇನ್ನೊಂದು ಸಂಚು ಅಂತ ಹೇಳಿ ಜನರನ್ನ ಏಣಿಗೆ ಕಟ್ಟಿ ಹೊಡೆದು ಬಾಯಿ ಬಿಡ್ಸಿದ್ರು, ಅದಕ್ಕೇ ಅದರ ಹೆಸರು ಲಾ ಎಸ್ಕಲೇರಾ, ಏಣಿ ಅಂತ. ಪ್ಲಾಸಿದೊ ಅನ್ನೋ ಕವಿನ ಆಗ್ಲೇ ಗುಂಡಿಕ್ಕಿ ಕೊಂದಿದ್ದು.

ಹಾಗೇ ಕಬಿಲ್ದೊಗಳು, ಲುಕುಮಿ, ಕಾಂಗೊ, ಕರಬಾಲಿ ಅಂತ ಮೂಲ ನೋಡಿ ಸೇರ್ತಿದ್ದ ಸಂಘಗಳು, ಹೆಣ ಹೂಳೋಕೆ, ಗುಲಾಮರನ್ನ ದುಡ್ಡು ಕೊಟ್ಟು ಬಿಡ್ಸೋಕೆ, ಡೋಲು ಬಾರಿಸೋಕೆ. ಗಣರಾಜ್ಯದ ಶುರುವಲ್ಲಿ ಅದೇ ಡೋಲು ಅಂದ್ರೆ ಮಾಟಮಂತ್ರ, ಪೊಲೀಸರು ಕಿತ್ಕೊಂಡು ಹೋಗ್ತಿದ್ರು. 1930ರ ಹೊತ್ತಿಗೆ ಅದೇ ಡೋಲಿನ ಸೊನ್, ರುಂಬಾ "ನಮ್ಮ ದೇಶದ ಸಂಗೀತ" ಆಯ್ತು, ಕವಿ ನಿಕೊಲಾಸ್ ಗಿಯೆನ್ "ಕ್ಯೂಬನ್ ಬಣ್ಣ" ಅಂತ ಮಾತಾಡ್ತಾನೆ. ಡೋಲು ಬೇಕು, ಬಾರಿಸೋನು ಪಕ್ಷ ಕಟ್ಟಬಾರ್ದು, ಅಷ್ಟೇ.

ಅರ್ಧ_ಓದು:
ಆ ಕೊನೇ ಲೈನ್ ಚುಚ್ತು ಮೇಡಂ. ಸರಿ, 1959ರ ಕ್ರಾಂತಿ ಆದ್ಮೇಲಾದ್ರೂ ಇದು ಬದಲಾಯ್ತಾ?

ಹಳೇ_ನಕ್ಷೆ:
ಬದುಕು ಬದಲಾಯ್ತು, ಮಾತು ಬದಲಾಗ್ಲಿಲ್ಲ. 1959 ಮಾರ್ಚ್‌ನಲ್ಲೇ ಕ್ಯಾಸ್ಟ್ರೊ ವರ್ಣಭೇದದ ವಿರುದ್ಧ ಬಹಿರಂಗವಾಗಿ ಮಾತಾಡಿದ, ಬಿಳಿಯರ ಖಾಸಗಿ ಕ್ಲಬ್ಬು ಬೀಚು ಎಲ್ರಿಗೂ ತೆರೆದ್ರು, ಶಾಲೆ ಆಸ್ಪತ್ರೆ ಹಳ್ಳಿಹಳ್ಳಿಗೆ ಹೋಯ್ತು, ಇದನ್ನ ಕಡಿಮೆ ಅನ್ನೋಕಾಗಲ್ಲ. ಆದ್ರೆ ಕಪ್ಪು ಜನರ ಹಳೇ ಸಂಘಗಳನ್ನೂ ಮುಚ್ಚಿಸಿದ್ರು, 1962ರ ಹೊತ್ತಿಗೆ ಸಮಸ್ಯೆ ಬಗೆಹರೀತು ಅಂತ ಘೋಷಣೆನೂ ಆಯ್ತು. ಆಮೇಲೆ ಅದನ್ನ ಎತ್ತಿದ್ರೆ ಒಗ್ಗಟ್ಟು ಒಡೀತೀಯಾ ಅಂತ ಕೇಳ್ತಿದ್ರು. 1910ರಲ್ಲಿ ಕೇಳಿದ್ದೂ ಅದೇ ತಾನೆ.

ಖಾರಪುಡಿ:
ಇನ್ನೊಂದು ಸಣ್ಣ ವಿಷ್ಯ. 1912ರಲ್ಲಿ ಸೈನ್ಯ ಕಳ್ಸಿದ ಅಧ್ಯಕ್ಷ ಹೊಸೆ ಮಿಗೆಲ್ ಗೋಮೆಸ್, ಅವನೂ ಅದೇ ಲಿಬರಲ್. ಹವಾನಾದಲ್ಲಿ ಅಧ್ಯಕ್ಷರ ರಸ್ತೆ ಅಂತ ಇದೆ, ಅದ್ರ ಒಂದು ತುದೀಲಿ ಅವನಿಗೆ ದೊಡ್ಡ ಅಮೃತಶಿಲೆ ಸ್ಮಾರಕ. ಅದೇ ರಸ್ತೇಲಿ ಮೊದಲನೇ ಅಧ್ಯಕ್ಷ ಎಸ್ತ್ರಾದ ಪಾಲ್ಮಾನ ಪ್ರತಿಮೆನ ಕಿತ್ತುಹಾಕಿದಾರೆ, ಪೀಠದ ಮೇಲೆ ಬರೀ ಶೂ ಉಳ್ಕೊಂಡಿದೆ. ಅವನ ತಪ್ಪು ಅಮೆರಿಕಕ್ಕೆ ಬಾಗಿದ್ದು. ಗೋಮೆಸ್ ಮಾತ್ರ ಇವತ್ತು ಅಲ್ಲಿ ನಿಂತಿದಾನೆ.